ನಮ್ಮ ಮನೇಲೇ ಸಾವಾಗಿದ್ದಾಗ ಇನ್ನೊಬ್ಬರ ಅಳು ಕೇಳೋದು ಹೇಗೆ?

ಅಜ್ಜಂಪುರದಿಂದ ಒಬ್ಬ ತಂಗಿ ವಾಯ್ಸ್ ಮೆಸೇಜ್ ಕಳಿಸಿದ್ದಾಳೆ: "ಅಕ್ಕಾ, ಅಮ್ಮ ಹೋಗಿ ಎರಡು ತಿಂಗಳಾಯ್ತು. ಫ್ರೆಂಡ್ಸ್ ಅವರ ಕಷ್ಟ ಹೇಳ್ಕೊಂಡ್ರೆ ನಂಗೆ ಸಿಟ್ಟು ಬರುತ್ತೆ. ಕ್ರೈಸ್ತಳಾಗಿ ಹೀಗಿರೋದು ತಪ್ಪಾ?"

ನಾನೂ ಹೀಗೇ ಇದ್ದೆ ಕಣಮ್ಮ. ಕಡೂರಲ್ಲಿ ನಮ್ಮಪ್ಪ ತೀರಿಕೊಂಡಾಗ ತರೀಕೆರೆಯಿಂದ ಸೋದರತ್ತೆ ಬಂದು ಪಕ್ಕದಲ್ಲಿ ಕೂತು ಅಳ್ತಿದ್ರು. 'ಅಪ್ಪ ಹೋಗಿರೋದು ನಂಗೆ, ಇವರಿಗೇನು' ಅಂತ ಎದ್ದು ಹೋದೆ. ಅವರು ಕಳ್ಕೊಂಡಿದ್ದು ಒಡಹುಟ್ಟಿದ ಅಣ್ಣನನ್ನ ಅನ್ನೋದು ಹೊಳೆಯೋಕೆ ವಾರಗಳೇ ಬೇಕಾದವು.

ಆಮೇಲೆ ಮತ್ತಾಯನ ಸುವಾರ್ತೆಯ 14ನೇ ಅಧ್ಯಾಯ ಮತ್ತೆ ಓದಿದೆ. ತಮಗೆ ದೀಕ್ಷಾಸ್ನಾನ ಕೊಟ್ಟ ಯೋಹಾನನ ತಲೆಯನ್ನು ಹೆರೋದ ಕಡಿಸಿದ ಸುದ್ದಿ ಯೇಸುವಿಗೆ ತಲುಪುತ್ತೆ. ಅವರು ದೋಣಿ ಹತ್ತಿ, ಜನರಿಲ್ಲದ ಜಾಗಕ್ಕೆ ಒಬ್ಬರೇ ಹೊರಡ್ತಾರೆ. ಆದರೆ ಜನ ಅಲ್ಲಿಗೂ ನಡ್ಕೊಂಡು ಬಂದುಬಿಡ್ತಾರೆ. ಅವರನ್ನ ನೋಡಿ ಯೇಸು ಮರುಗಿ, ರೋಗಿಗಳನ್ನ ವಾಸಿ ಮಾಡ್ತಾರೆ. ಐದು ರೊಟ್ಟಿ, ಎರಡು ಮೀನಿನಿಂದ ಸುಮಾರು 5000 ಗಂಡಸರು, ಜೊತೆಗೆ ಹೆಂಗಸರು, ಮಕ್ಕಳು ಊಟ ಮಾಡಿದ್ದು ಅವತ್ತೇ. ಬಡಿಸಿದ್ದು ಮಾತ್ರ ಶಿಷ್ಯರು. ಆಮೇಲೆ? ಎಲ್ಲರನ್ನೂ ಕಳಿಸಿ, ಯೇಸು ಒಬ್ಬರೇ ಬೆಟ್ಟ ಹತ್ತಿ ಪ್ರಾರ್ಥನೆಗೆ ಕೂರ್ತಾರೆ.

ರೊಟ್ಟಿಯ ಕಥೆ ನಮಗೆಲ್ಲ ನೆನಪಿರುತ್ತೆ, ದೋಣಿ ಮತ್ತೆ ಬೆಟ್ಟ ಮರೆತುಹೋಗುತ್ತೆ. ಬಿಕಾಂ ಓದಿದವಳ ಲೆಕ್ಕದಲ್ಲಿ ಹೇಳೋದಾದ್ರೆ, ದುಃಖದ ಖಾತೆ ಕ್ಲೋಸ್ ಆದ್ಮೇಲೇ ಕರುಣೆಯ ಖಾತೆ ಓಪನ್ ಆಗ್ಬೇಕು ಅಂತೇನಿಲ್ಲ. ಎರಡೂ ಒಟ್ಟಿಗೇ ನಡೀತವೆ.

ನಮ್ಮ ಕಾಲದ್ದೇ ಒಂದು ಉದಾಹರಣೆ ಇದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್, ಮಕ್ಕಳಾದ ಫಿಲಿಪ್ ಮತ್ತು ತಿಮೋತಿ ಗಾಡಿಯಲ್ಲಿ ಮಲಗಿದ್ದಾಗ ಗುಂಪೊಂದು ಬೆಂಕಿ ಹಚ್ಚಿ ಕೊಂದಿತು. ಹೆಂಡತಿ ಗ್ಲಾಡಿಸ್ ಕೊಂದವರನ್ನ ಕ್ಷಮಿಸಿದೆ ಅಂದ್ರು. ತಕ್ಷಣ ಆಸ್ಟ್ರೇಲಿಯಾಕ್ಕೆ ಹೊರಡದೆ, ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಯನ್ನ ವರ್ಷಗಟ್ಟಲೆ ಮುಂದುವರಿಸಿದ್ರು. 2005ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕ್ಷಮಿಸಿದ್ರು ಅಂದ್ರೆ ನೋವು ಮುಗೀತು ಅಂತಲ್ಲ, ಕೋರ್ಟ್ ಕೇಸೂ ನಿಲ್ಲಲಿಲ್ಲ.

ಅಷ್ಟು ದೊಡ್ಡದು ನಮ್ಮಿಂದ ಆಗ್ಲೇಬೇಕು ಅಂತಿಲ್ಲ. ಫ್ರೆಂಡ್‌ಗೆ "ಇವತ್ತು ಕೇಳೋ ಶಕ್ತಿ ಇಲ್ಲ ಕಣೇ, ನಾಳೆ ಮಾತಾಡೋಣ" ಅನ್ನು. ಅದು ನಿನ್ನ ದೋಣಿ. ನಾಳೆ ಮಾತ್ರ ಮರೀದೆ ಫೋನ್ ಮಾಡು.

ನಾನು ತಡವಾಗಿ ಅತ್ತೆಗೆ ಫೋನ್ ಮಾಡಿದೆ. "ಅಪ್ಪ ಚಿಕ್ಕೋರಿದ್ದಾಗ ಹೇಗಿದ್ರು ಅತ್ತೆ?" ಅಂದೆ. ಅವರು ಒಂದು ಗಂಟೆ ಮಾತಾಡಿದ್ರು. ಇಬ್ಬರೂ ಅತ್ವಿ. ನಂಗೆ ಗೊತ್ತೇ ಇಲ್ಲದ ಅಪ್ಪ ಅವತ್ತು ಸಿಕ್ಕಿದ್ರು.