ಉಲ್ಲೇಖಗಳ ಎಣಿಕೆ, ಹೊಲದ ಸಾಕ್ಷಿ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಕಪ್ಪು ನೆಲದಲ್ಲಿ ಬಹುಮಂದಿಯ ಬದುಕು ತೊಗರಿಯನ್ನು ನಂಬಿದೆ. ಮನೆಯ ಸಾಲ ತೀರುವುದೂ ಮಕ್ಕಳ ಶಾಲೆಯ ಶುಲ್ಕ ಸಲ್ಲುವುದೂ ರಾಶಿಯಾದ ಮೇಲೆಯೇ. 2022ರ ಹಂಗಾಮಿನಲ್ಲಿ ನೆಟೆ ರೋಗ ತಗುಲಿ ಗಿಡಗಳು ನಿಂತಲ್ಲೇ ಒಣಗಿದಾಗ ಈ ಭಾಗದ ಅನೇಕ ಕುಟುಂಬಗಳು ಕಂಗಾಲಾದವು. ಅಂತಹ ಹೊಲದ ಬದುವಿನಲ್ಲಿ ನಿಂತವರಿಗೆ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ತೊಗರಿಯನ್ನು ಕುರಿತು ವಿಜ್ಞಾನಿಗಳು ಇಷ್ಟೊಂದು ಬರೆದಿದ್ದಾರಲ್ಲ, ಆ ಬರವಣಿಗೆಯ ಬೆಲೆಯನ್ನು ಅಳೆಯುವುದು ಹೇಗೆ?

ಹೈದರಾಬಾದಿನ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಬಹುಕಾಲ ದುಡಿದ ತಳಿವಿಜ್ಞಾನಿ ರಾಜೀವ್ ವಾರ್ಷ್ಣೇಯ ಅವರ ನೇತೃತ್ವದ ತಂಡವು 'ಆಶಾ' ಎಂಬ ತೊಗರಿ ತಳಿಯ ಜೀನೋಮನ್ನು ಓದಿ, ಅದರಲ್ಲಿ 48,680 ಜೀನ್‌ಗಳಿವೆಯೆಂದು ಅಂದಾಜಿಸಿತು. 2012ರಲ್ಲಿ 'ನೇಚರ್ ಬಯೋಟೆಕ್ನಾಲಜಿ' ಪತ್ರಿಕೆಯ ಸಂಚಿಕೆಯಲ್ಲಿ ಅಚ್ಚಾದ ಆ ಲೇಖನವನ್ನು ಇತರ ಸಂಶೋಧಕರು ನೂರಾರು ಬಾರಿ ಉಲ್ಲೇಖಿಸಿದ್ದಾರೆ. ಮರುವರ್ಷ ಕಡಲೆಯ ಜೀನೋಮ್ ಕುರಿತ ಲೇಖನವೂ ಪ್ರಕಟವಾಯಿತು. ಅತ್ಯಧಿಕ ಉಲ್ಲೇಖ ಪಡೆದ ಸಂಶೋಧಕರ ಜಾಗತಿಕ ಪಟ್ಟಿಯಲ್ಲಿ ಅವರ ಹೆಸರು ಹಲವು ವರ್ಷ ಕಾಣಿಸಿಕೊಂಡಿದೆ. 2023ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು.

ಈ ಉಲ್ಲೇಖಗಳ ಎಣಿಕೆಗೂ ಒಂದು ಚರಿತ್ರೆಯಿದೆ. 1960ರ ದಶಕದಲ್ಲಿ ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ ಅವರು ಯಾವ ಲೇಖನವನ್ನು ಯಾರು ಉಲ್ಲೇಖಿಸಿದರೆಂಬ ಸೂಚಿಯನ್ನು ಹೊರತಂದರು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ 'ಎಚ್ ಸೂಚ್ಯಂಕ'ವನ್ನು ರೂಪಿಸಿದರು. ಒಬ್ಬರ ಐವತ್ತು ಲೇಖನಗಳು ತಲಾ ಐವತ್ತು ಬಾರಿಯಾದರೂ ಉಲ್ಲೇಖಗೊಂಡಿದ್ದರೆ ಅವರ ಸೂಚ್ಯಂಕ ಐವತ್ತು. ಇಂದು ನೇಮಕಾತಿ, ಬಡ್ತಿ, ಅನುದಾನಗಳೆಲ್ಲ ಅನೇಕ ಕಡೆ ಇಂತಹ ಅಂಕಿಗಳನ್ನು ನೋಡಿಯೇ ನಿರ್ಧಾರವಾಗುತ್ತವೆ. ಆದುದರಿಂದಲೇ ತಮ್ಮ ಬರಹವನ್ನು ತಾವೇ ಉಲ್ಲೇಖಿಸಿಕೊಳ್ಳುವ, ಗೆಳೆಯರು ಪರಸ್ಪರ ಉಲ್ಲೇಖಿಸಿಕೊಳ್ಳುವ ಚಾಳಿಯೂ ಹುಟ್ಟಿಕೊಂಡಿದೆ.

ಈ ಅಳತೆಗೋಲನ್ನು ತಳಿವಿಜ್ಞಾನದ ಪಿತಾಮಹನಿಗೇ ಹಿಡಿದು ನೋಡೋಣ. ಅಗಸ್ಟೀನ್ ಸಭೆಯ ಧರ್ಮಗುರು ಗ್ರೆಗರ್ ಮೆಂಡೆಲ್ ಅವರು ಇಂದಿನ ಚೆಕ್ ಗಣರಾಜ್ಯದ ಬ್ರನೋ ನಗರದ ಸಂತ ತೋಮಸರ ಮಠದ ತೋಟದಲ್ಲಿ 1856ರಿಂದ ಎಂಟು ವರ್ಷ ಬಟಾಣಿ ಗಿಡಗಳನ್ನು ಬೆಳೆಸಿ, ಸಂಕರಗೊಳಿಸಿ, ಎಣಿಸಿದರು. ಬಟಾಣಿಯೂ ನಮ್ಮ ತೊಗರಿಯೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. 1865ರಲ್ಲಿ ಸ್ಥಳೀಯ ವಿಜ್ಞಾನ ಸಂಘದಲ್ಲಿ ಅವರು ಓದಿದ ಪ್ರಬಂಧ 1866ರಲ್ಲಿ ಅಚ್ಚಾಯಿತು. ಅವರು ತರಿಸಿಕೊಂಡ ಪ್ರತಿಗಳು ನಲವತ್ತು. ಮಠಾಧಿಪತಿಯಾಗಿದ್ದ ಅವರು 1884ರಲ್ಲಿ ದೈವಾಧೀನರಾದಾಗ ಆ ಪ್ರಬಂಧವನ್ನು ಹೆಸರಿಸಿದ್ದವರು ಬೆರಳೆಣಿಕೆಯ ಮಂದಿ. ಇಂದಿನ ಸೂಚ್ಯಂಕದಲ್ಲಿ ಅವರ ಅಂಕ ಸೊನ್ನೆಗೆ ಸಮೀಪವಾಗಿರುತ್ತಿತ್ತು.

ಹೀಗೆಂದು ಉಲ್ಲೇಖವನ್ನು ಹೀಗಳೆಯುವಂತಿಲ್ಲ. 1881ರಲ್ಲಿ ಜರ್ಮನಿಯ ಫೊಕೆ ಎಂಬ ಸಸ್ಯವಿಜ್ಞಾನಿ ಸಂಕರ ಸಸ್ಯಗಳ ಕುರಿತ ತಮ್ಮ ಗ್ರಂಥದಲ್ಲಿ ಮೆಂಡೆಲರನ್ನು ಹೆಸರಿಸಿದ್ದರು. 1900ರಲ್ಲಿ ಆ ಮರೆತ ಪ್ರಬಂಧ ಮತ್ತೆ ಬೆಳಕಿಗೆ ಬರಲು ದಾರಿ ತೋರಿದವುಗಳಲ್ಲಿ ಆ ಗ್ರಂಥವೂ ಒಂದು. ಉಲ್ಲೇಖವೆಂದರೆ ಮೂಲತಃ ಋಣದ ಸ್ಮರಣೆ. ನನಗೆ ಮುಂಚೆ ಇವರು ಕಂಡರು ಎಂಬ ಪ್ರಾಮಾಣಿಕ ಒಪ್ಪಿಗೆ. ಪರಿಮಾಣ ಬೇರೆ, ಗುಣ ಬೇರೆ ಎಂದು ಅರಿಸ್ಟಾಟಲನು ವರ್ಗೀಕರಿಸಿದನು; ಸಂತ ತೋಮಸ್ ಅಕ್ವಿನಾಸರೂ ಆ ಭೇದವನ್ನು ಎತ್ತಿಹಿಡಿದರು. ಋಣಸ್ಮರಣೆಗಳನ್ನು ಎಣಿಸಬಹುದು. ಎಣಿಕೆಯೇ ಯೋಗ್ಯತೆಯೆಂದು ಬಗೆದಾಗ ತಪ್ಪು ಆರಂಭವಾಗುತ್ತದೆ.

ಎಣಿಕೆಗೆ ಸಿಗದ ಸಾಕ್ಷಿಯೂ ಒಂದುಂಟು. 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ 'ಮಾರುತಿ' ತೊಗರಿಯು ನೆಟೆ ರೋಗವನ್ನು ತಡೆದುಕೊಳ್ಳುವ ಗುಣದಿಂದ ನಮ್ಮ ಭಾಗದಲ್ಲಿ ಮನೆಮಾತಾಯಿತು. ಅದನ್ನು ಬಿತ್ತಿದ ರೈತರು ಯಾವ ಪತ್ರಿಕೆಯಲ್ಲೂ ಯಾರ ಹೆಸರನ್ನೂ ಉಲ್ಲೇಖಿಸಲಿಲ್ಲ. ಬೀಜವನ್ನು ಮುಂದಿನ ಬಿತ್ತನೆಗೆ ಎತ್ತಿಟ್ಟರು, ನೆರೆಯವರಿಗೆ ಕೊಟ್ಟರು. ಅದೇ ಅವರ ಉಲ್ಲೇಖ. ಬಳಿಕ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರವೂ ಟಿಎಸ್-3ಆರ್, ಜಿಆರ್‌ಜಿ-811 ಮುಂತಾದ ತಳಿಗಳನ್ನು ನೀಡಿತು.

ಆದರೂ ಜೀನೋಮ್ ಓದಿದ ಹತ್ತು ವರ್ಷಗಳ ಮೇಲೆ ನಮ್ಮ ಹೊಲಗಳು ಒಣಗಿದವು. ಇದರಿಂದ ಆ ಸಂಶೋಧನೆ ವ್ಯರ್ಥವೆನ್ನಲಾಗದು. ರೋಗ ತಡೆಯುವ ಜೀನನ್ನು ಗುರುತಿಸಿ, ತಳಿಗಳನ್ನು ಸಂಕರಗೊಳಿಸಿ, ಹಲವು ಹಂಗಾಮು ಪರೀಕ್ಷಿಸಿದ ನಂತರವೇ ಬೀಜ ರೈತರ ಕೂರಿಗೆಗೆ ಬರುತ್ತದೆ. ಲೇಖನ ಬಿತ್ತನೆಯಿದ್ದಂತೆ, ರಾಶಿ ಇನ್ನೂ ಮುಂದಿದೆ. ಉಲ್ಲೇಖಗಳ ಪಟ್ಟಿ ಎಷ್ಟೇ ಉದ್ದವಾಗಲಿ, ಆ ರಾಶಿಯ ದಿನದವರೆಗೆ ಲೆಕ್ಕ ಮುಗಿಯುವುದಿಲ್ಲ.

ಪ್ರಿಯ ಓದುಗರೇ, ನಮ್ಮ ಕುಟುಂಬಗಳ ಮಕ್ಕಳೂ ಇಂದು ವಿಜ್ಞಾನ ಕಲಿತು ಸಂಶೋಧನೆಗೆ ಹೊರಡುತ್ತಿದ್ದಾರೆ. ಅವರ ಲೇಖನಗಳು ಎಷ್ಟು, ಅಂಕ ಎಷ್ಟು ಎಂದು ನಾವು ಹೆಮ್ಮೆಯಿಂದ ಕೇಳೋಣ. ಅದರೊಡನೆ, ನೀನು ಯಾರ ಋಣವನ್ನು ನೆನೆದೆ, ನಿನ್ನ ಬರಹ ಯಾರ ಹೊಲವನ್ನು ಮುಟ್ಟೀತು ಎಂದೂ ಕೇಳೋಣ. ಶುಭಸಂದೇಶದ ಬಿತ್ತುವವನ ಸಾಮತಿಯಲ್ಲಿ ಕಾಳು ಒಳ್ಳೆಯ ನೆಲಕ್ಕೆ ಬಿದ್ದುದು ತಿಳಿಯುವುದು ಫಲದಿಂದಲೇ. ಬ್ರನೋ ಮಠದ ತೋಟದಲ್ಲಿ ಬಟಾಣಿ ಎಣಿಸಿದ ಗುರುಗಳು ಆ ಫಲವನ್ನು ಕಾಣದೆಯೇ ಕಣ್ಮುಚ್ಚಿದರು. ಆದರೂ ತಮ್ಮ ಕಾಲದಲ್ಲಿ ಎಣಿಸಬೇಕಾದುದನ್ನು ತಪ್ಪದೆ ಎಣಿಸಿಟ್ಟಿದ್ದರು.