ಆಟದ ಯಂತ್ರಕ್ಕೆ ಹೊರಗಿನ ಫರ್ಮ್‌ವೇರ್: ಕೆಟ್ಟರೆ ಮರಳುವ ದಾರಿ ಇದೆಯೇ?

ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ದೆಹಲಿಯ ಪಾಲಿಕಾ ಬಜಾರ್, ಚೆನ್ನೈಯ ರಿಚಿ ಸ್ಟ್ರೀಟ್ ಮೊದಲಾದ ಕಡೆಗಳ ಎಲೆಕ್ಟ್ರಾನಿಕ್ ಅಂಗಡಿಗಳನ್ನು ಬಲ್ಲವರಿಗೆ ‘ಪಿಎಸ್‌ಪಿ’ ಎಂಬ ಹೆಸರು ಹೊಸದಲ್ಲ. ಸೋನಿ ಸಂಸ್ಥೆಯು 2004ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಗೊಳಿಸಿದ ಈ ಕೈಯಾಟದ ಯಂತ್ರವು ಜಗತ್ತಿನಾದ್ಯಂತ 7.5 ಕೋಟಿಗೂ ಅಧಿಕ ಸಂಖ್ಯೆಯಲ್ಲಿ ಮಾರಾಟವಾಯಿತು. ತಯಾರಿಕೆ ನಿಂತು ವರ್ಷಗಳೇ ಕಳೆದರೂ ಹಳೆಯ ಯಂತ್ರಗಳು ಇಂದಿಗೂ ಕೈಯಿಂದ ಕೈಗೆ ದಾಟುತ್ತಿವೆ. ಕೊಳ್ಳಲು ಹೋದವರಿಗೆ ಮಾರುವವನು ಅಭಿಮಾನದಿಂದ ಹೇಳುವ ಮಾತೊಂದಿದೆ: ‘ಇದರಲ್ಲಿ ಎಲ್ಲವನ್ನೂ ಹಾಕಿಕೊಟ್ಟಿದ್ದೇವೆ.’ ಆ ‘ಎಲ್ಲ’ದ ಬುಡದಲ್ಲಿರುವುದೇ ಕಸ್ಟಮ್ ಫರ್ಮ್‌ವೇರ್.

ಫರ್ಮ್‌ವೇರ್ ಎಂದರೆ ಯಂತ್ರದೊಳಗೇ ನೆಲೆಯೂರಿರುವ ಮೂಲ ತಂತ್ರಾಂಶ. ಗುಂಡಿ ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವುದು ಅದು. ಪರದೆ, ಡಿಸ್ಕ್, ಗುಂಡಿಗಳೆಲ್ಲವೂ ಅದರ ಅಪ್ಪಣೆಯಲ್ಲಿರುತ್ತವೆ. ಮೊದಲ ಪಿಎಸ್‌ಪಿಯಲ್ಲಿ ಇದು ಕೇವಲ 32 ಮೆಗಾಬೈಟಿನ ಫ್ಲಾಶ್ ಸ್ಮೃತಿಯಲ್ಲಿ ಅಡಗಿತ್ತು. ತಯಾರಕರ ಮುದ್ರೆಯಿಲ್ಲದ ಕಾರ್ಯಕ್ರಮಗಳನ್ನು ಅದು ಒಳಗೆ ಬಿಡುವುದಿಲ್ಲ. ಈ ನಿರ್ಬಂಧವನ್ನು ಸಡಿಲಿಸಲು ಹವ್ಯಾಸಿ ತಂತ್ರಜ್ಞರು ತಿದ್ದಿ ಬರೆದ ಆವೃತ್ತಿಯನ್ನೇ ಕಸ್ಟಮ್ ಫರ್ಮ್‌ವೇರ್ ಎನ್ನುವುದು.

‘ಇದು ನಂಬಿಕೆಗೆ ಯೋಗ್ಯವೇ?’ ಎಂದು ಕೇಳುವವರು ಸಾಮಾನ್ಯವಾಗಿ ‘ಚೆನ್ನಾಗಿ ನಡೆಯುತ್ತದೆಯೇ?’ ಎಂಬುದನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ನಡೆಯುತ್ತದೆ, ಬಹುಪಾಲು ಚೆನ್ನಾಗಿಯೇ ನಡೆಯುತ್ತದೆ. ಕೇಳಬೇಕಾದದ್ದು ಬೇರೆ: ಹೊಸ ಬರಹವನ್ನು ಎಲ್ಲಿ ಬರೆಯಲಾಗುತ್ತದೆ, ಬರೆಯುವಾಗ ಎಡವಿದರೆ ಹಿಂದಿರುಗುವ ದಾರಿ ಇದೆಯೇ? ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ ಕೂರುವ ಮಾರ್ಪಾಟು ಯಂತ್ರ ಆರಿಸಿದೊಡನೆ ಅಳಿಸಿಹೋಗುತ್ತದೆ, ಅಪಾಯ ಅಲ್ಪ. ಫ್ಲಾಶ್ ಸ್ಮೃತಿಯನ್ನೇ ತಿದ್ದುವಂಥದ್ದಾದರೆ ಆ ಕೆಲವು ನಿಮಿಷಗಳಲ್ಲಿ ವಿದ್ಯುತ್ ಕೈಕೊಟ್ಟರೂ ಸಾಕು, ಹಸಿರು ದೀಪ ಹೊತ್ತಿ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಆಟಗಾರರು ಇದನ್ನು ‘ಬ್ರಿಕ್’ ಆಯಿತೆನ್ನುತ್ತಾರೆ. ಹೆಸರಿಗೆ ತಕ್ಕಂತೆ ಇಟ್ಟಿಗೆಯೇ. ಗೋಡೆ ಕಟ್ಟಲೂ ಬಾರದ ಇಟ್ಟಿಗೆ.

ಈ ಭಯ ಕಲ್ಪಿತವಲ್ಲ. 2005ರಲ್ಲಿ 2.00 ಆವೃತ್ತಿಯ ಫರ್ಮ್‌ವೇರ್ ಬಂದಾಗ ಹಲವರು ಹವ್ಯಾಸಿ ಕಾರ್ಯಕ್ರಮಗಳಿಗೆ ಅನುಕೂಲವಾಗಿದ್ದ ಹಿಂದಿನ 1.50ಕ್ಕೆ ಮರಳಲು ಹಾತೊರೆದರು. ಚಿತ್ರಗಳನ್ನು ತೋರಿಸುವ ಭಾಗದಲ್ಲಿದ್ದ ಒಂದು ಲೋಪವನ್ನು ಬಳಸಿ ಅದಕ್ಕೊಂದು ನಿಜವಾದ ಉಪಾಯ ಹೊರಬಿತ್ತು. ಅದರ ಬೆನ್ನಿಗೇ, ಅದೇ ವರ್ಷದ ಅಕ್ಟೋಬರ್‌ನಲ್ಲಿ, ಅದೇ ವೇಷ ತೊಟ್ಟ ವಂಚಕ ಕಾರ್ಯಕ್ರಮವೊಂದು ಹರಿದಾಡಿತು. ಅದನ್ನು ಚಲಾಯಿಸಿದವರ ಯಂತ್ರದ ಮೂಲ ಕಡತಗಳೇ ಅಳಿಸಿಹೋದವು. ಕೈಯಾಟದ ಯಂತ್ರಗಳನ್ನು ಕಾಡಿದ ಮೊದಲ ‘ಟ್ರೋಜನ್’ಗಳಲ್ಲಿ ಅದೂ ಒಂದು. ಆಗ ಕೆಟ್ಟ ಯಂತ್ರವನ್ನು ಮನೆಯಲ್ಲಿ ಎಬ್ಬಿಸುವ ಸುಲಭ ವಿಧಾನವೇ ಇರಲಿಲ್ಲ.

ಚಿತ್ರ ಬದಲಾದದ್ದು 2007ರ ಆಗಸ್ಟ್‌ನಲ್ಲಿ. ‘ಪಂಡೋರಾ ಬ್ಯಾಟರಿ’ ಎಂದು ಹೆಸರಾದ ಆ ಉಪಾಯ ನಿಜಕ್ಕೂ ಚತುರವಾದದ್ದು. ಪಿಎಸ್‌ಪಿಯ ಬ್ಯಾಟರಿಯೊಳಗೆ ಪುಟ್ಟ ಚಿಪ್ ಒಂದಿದ್ದು, ಅದರಲ್ಲಿ ಬ್ಯಾಟರಿಯ ಕ್ರಮಸಂಖ್ಯೆ ಇರುತ್ತದೆ. ಆ ಸಂಖ್ಯೆ ಒಂದು ವಿಶಿಷ್ಟ ಬೆಲೆಯದಾಗಿದ್ದರೆ ಯಂತ್ರವು ತನ್ನನ್ನು ದುರಸ್ತಿ ಕೇಂದ್ರದ ಮೇಜಿನ ಮೇಲಿದ್ದೇನೆಂದು ಭಾವಿಸಿ, ಒಳಗಿನ ಫ್ಲಾಶನ್ನು ಬದಿಗಿಟ್ಟು, ಹೊರಗಿನ ಮೆಮೊರಿ ಸ್ಟಿಕ್‌ನಿಂದ ಚಾಲನೆ ಪಡೆಯುತ್ತದೆ. ತಯಾರಕರು ತಮ್ಮ ಸಿಬ್ಬಂದಿಗೆಂದು ಇಟ್ಟಿದ್ದ ಹಿತ್ತಿಲ ಬಾಗಿಲು ಅದು. ಕೆಲಸ ಮಾಡುತ್ತಿರುವ ಇನ್ನೊಂದು ಪಿಎಸ್‌ಪಿಯ ನೆರವಿನಿಂದ ಸಾಧಾರಣ ಬ್ಯಾಟರಿಯ ಸಂಖ್ಯೆಯನ್ನು ಬದಲಿಸಬಹುದಿತ್ತು. ಇಲ್ಲವೇ ಚಿಪ್ಪಿನ ಒಂದು ಕಾಲನ್ನು ನಾಜೂಕಾಗಿ ಮೇಲೆತ್ತಬೇಕಿತ್ತು. ಒಬ್ಬರ ಬಳಿ ಇಂಥ ಬ್ಯಾಟರಿ ಇದ್ದರೆ ಅವರ ಸ್ನೇಹಿತರ ಬಳಗಕ್ಕೆಲ್ಲ ಅಭಯ. ಕಸ್ಟಮ್ ಫರ್ಮ್‌ವೇರ್ ‘ಸುರಕ್ಷಿತ’ ಎಂಬ ಖ್ಯಾತಿ ಬೆಳೆದದ್ದು ಮುಖ್ಯವಾಗಿ ಈ ಕಾಲದಲ್ಲಿ. ಆ ಖ್ಯಾತಿಯಲ್ಲಿ ಫರ್ಮ್‌ವೇರಿನ ಗುಣಕ್ಕಿಂತ ಬ್ಯಾಟರಿಯ ಪಾಲೇ ಹೆಚ್ಚೆಂದು ನನ್ನ ಎಣಿಕೆ.

ಆ ಬಾಗಿಲನ್ನು ಸೋನಿ ಬೇಗನೆ ಮುಚ್ಚಿತು. 2008ರಲ್ಲಿ ಬಂದ 2000 ಮಾದರಿಯ ಕೊನೆಯ ತಂಡಗಳಲ್ಲಿಯೂ, ಆ ವರ್ಷದ ಅಕ್ಟೋಬರ್‌ನಲ್ಲಿ ಬಂದ 3000 ಮಾದರಿಯಲ್ಲಿಯೂ ಪಂಡೋರಾ ನಡೆಯಲಿಲ್ಲ. 2009ರಲ್ಲಿ ಈ ಹೊಸ ಯಂತ್ರಗಳಿಗಾಗಿ ಬಂದ ‘ಚಿಕ್‌ಹೆನ್’ ಫ್ಲಾಶನ್ನು ಮುಟ್ಟದ ತಾತ್ಕಾಲಿಕ ಮಾರ್ಪಾಟಾಗಿತ್ತು. ಪ್ರತಿಸಲ ಆರಿಸಿದಾಗಲೂ ಮತ್ತೆ ಹಾಕಬೇಕಿತ್ತು. ಹಲವರಿಗೆ ಇದು ಕಿರಿಕಿರಿಯೆನಿಸಿತು. ಆದರೆ ಆ ಕಿರಿಕಿರಿಯೇ ಅವರ ರಕ್ಷಣೆಯಾಗಿತ್ತು.

ನನ್ನ ಸೋದರಳಿಯನ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಅವನದು 3000 ಮಾದರಿ. ತಾತ್ಕಾಲಿಕ ಮಾರ್ಪಾಟಿನಿಂದ ತೃಪ್ತನಾಗದೆ, ಪರದೆಯ ಚಿಹ್ನೆಗಳನ್ನೂ ಅಕ್ಷರಗಳನ್ನೂ ಬದಲಿಸುವ ಹುಮ್ಮಸ್ಸಿನಲ್ಲಿ ಫ್ಲಾಶಿಗೇ ಕಡತಗಳನ್ನು ಬರೆಯತೊಡಗಿದ. ಅರ್ಧದಲ್ಲಿ ಬ್ಯಾಟರಿ ಮುಗಿಯಿತು. ‘ಮಾಮಾ, ದೀಪ ಮಾತ್ರ ಹತ್ತುತ್ತದೆ’ ಎಂದು ದೂರವಾಣಿಯಲ್ಲಿ ಹೇಳಿದ ಅವನ ದನಿಯಲ್ಲೇ ಸಂಗತಿ ತಿಳಿಯಿತು. ಅಂಗಡಿಯೊಂದರವರು ಪಂಡೋರಾ ಬ್ಯಾಟರಿಯಿಂದ ಸರಿಪಡಿಸುವೆವೆಂದು ಮುಂಗಡ ಪಡೆದರು. ಆ ಮಾದರಿಗೆ ಅದು ಹೊಂದುವುದಿಲ್ಲವೆಂಬುದು ಅವರಿಗೆ ತಿಳಿದಿರಲಿಲ್ಲವೋ, ತಿಳಿದೂ ಸುಮ್ಮನಿದ್ದರೋ!

ಮುಂದೆ ‘ಇನ್ಫಿನಿಟಿ’ ಮೊದಲಾದ ವಿಧಾನಗಳಿಂದ ನಂತರದ ಮಾದರಿಗಳಿಗೂ ಶಾಶ್ವತ ಮಾರ್ಪಾಟು ಸಾಧ್ಯವಾಯಿತು. ಇತ್ತೀಚಿನ ವರ್ಷಗಳಲ್ಲಿ ಗಣಕಯಂತ್ರವನ್ನೇ ಬ್ಯಾಟರಿಯಂತೆ ನಟಿಸುವಂತೆ ಮಾಡಿ 3000 ಮಾದರಿಯನ್ನೂ ಎಬ್ಬಿಸುವ ‘ಬ್ಯಾರಿಯಾನ್ ಸ್ವೀಪರ್’ ಎಂಬ ಸಾಧನ ಬಂದಿದೆ. ಅದಕ್ಕೆ ತಂತಿ ಜೋಡಿಸುವ ಕೌಶಲ ಬೇಕು. ಎಲ್ಲರ ಕೈಗೆ ಎಟಕುವಂಥದ್ದಲ್ಲ.

ಕಸ್ಟಮ್ ಫರ್ಮ್‌ವೇರ್ ಹಾಕಿದ ಯಂತ್ರ ಆಟದ ನಡುವೆ ನಿಂತರೆ ಬಹುತೇಕ ಕಾರಣ ಪ್ಲಗಿನ್‌ಗಳೆಂಬ ಸೇರ್ಪಡೆಗಳು, ಇಲ್ಲವೇ ನಕಲಿ ಮೆಮೊರಿ ಸ್ಟಿಕ್. ಇವೆರಡೂ ಸರಿಪಡಿಸಬಲ್ಲ ದೋಷಗಳು. ಹಳೆಯ ಬ್ಯಾಟರಿಯ ವಿಷಯ ಹಾಗಲ್ಲ. ಅದು ಉಬ್ಬಿದ್ದರೆ ಫ್ಲಾಶ್ ಬರವಣಿಗೆ ಒತ್ತಟ್ಟಿಗಿರಲಿ, ಯಂತ್ರವನ್ನು ಚಾರ್ಜಿಗೆ ಹಾಕುವುದೇ ತರವಲ್ಲ.

ಕೆಟ್ಟರೆ ಹೊಣೆ ಯಾರದೆಂಬುದೂ ಪ್ರಶ್ನೆಯೇ. ಹವ್ಯಾಸಿಗಳು ಉಚಿತವಾಗಿ ಹಂಚಿದ ವಸ್ತುವಿಗೆ ಯಾರೂ ಜವಾಬ್ದಾರರಲ್ಲ. ಹಣ ತೆತ್ತು ಕೊಂಡದ್ದಕ್ಕೂ ಭರವಸೆಯಿಲ್ಲ. 2014ರ ಜನವರಿಯಲ್ಲಿ ನಿಂಟೆಂಡೊ 3ಡಿಎಸ್ ಯಂತ್ರಕ್ಕೆ ಮಾರಲಾಗುತ್ತಿದ್ದ ‘ಗೇಟ್‌ವೇ’ ಎಂಬ ಕಾರ್ಡಿನ ತಂತ್ರಾಂಶದಲ್ಲಿ, ತನ್ನ ನಕಲುಗಳನ್ನು ಬಳಸುವವರ ಯಂತ್ರವನ್ನು ಕೆಡಿಸುವ ಸಂಕೇತವನ್ನೇ ಹುದುಗಿಸಿದ್ದುದು ಬಯಲಾಯಿತು. ಬೀಗ ಮುರಿಯುವವರೇ ಮನೆಗೆ ಕಿಚ್ಚಿಟ್ಟ ಕಥೆಯಿದು.

ಕಾನೂನಿನ ಮಾತನ್ನೂ ಹೇಳಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿಸಿದ 65ಎ ಕಲಮಿನ ಪ್ರಕಾರ, ಕೃತಿಸ್ವಾಮ್ಯದ ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಮೀರಿದರೆ ಎರಡು ವರ್ಷಗಳವರೆಗೆ ಸೆರೆವಾಸ ಹಾಗೂ ದಂಡ ವಿಧಿಸಬಹುದು. ಕದ್ದ ಆಟಗಳನ್ನು ತುಂಬಿ ಮಾರುವ ಅಂಗಡಿಯಾತನ ಆ ‘ಎಲ್ಲ’ ಎಂಬುದು ಈ ದೃಷ್ಟಿಯಿಂದಲೂ ಅಗ್ಗದ ವಸ್ತುವಲ್ಲ.

ಇಷ್ಟೆಲ್ಲ ತಿಳಿದೂ ಮುಂದುವರಿಯುವವರು ಮೊದಲು ತಮ್ಮ ಯಂತ್ರದ ಮಾದರಿಯನ್ನು ನಿಖರವಾಗಿ ಅರಿಯಬೇಕು. ಫ್ಲಾಶ್ ಸ್ಮೃತಿಯ ಸಂಪೂರ್ಣ ಪ್ರತಿಯೊಂದನ್ನು ಗಣಕಯಂತ್ರದಲ್ಲಿ ಉಳಿಸಿಕೊಳ್ಳಬೇಕು. ಡಿಸ್ಕ್ ಓದಲು, ನಿಸ್ತಂತು ಸಂಪರ್ಕಕ್ಕೆ ಬೇಕಾದ ಆ ಯಂತ್ರಕ್ಕಷ್ಟೇ ಸೇರಿದ ವಿವರಗಳು ಅದರಲ್ಲಿರುತ್ತವೆ; ನೆರೆಮನೆಯ ಹುಡುಗನ ಪ್ರತಿ ನಮ್ಮದಕ್ಕೆ ಹೊಂದದು. ಬರೆಯುವಾಗ ಬ್ಯಾಟರಿ ತುಂಬಿರಬೇಕು, ಚಾರ್ಜರ್ ಸಿಕ್ಕಿಸಿರಬೇಕು.

ಸೋದರಳಿಯನ ಯಂತ್ರ ಇಂದಿಗೂ ಕಪಾಟಿನಲ್ಲಿದೆ. ಆದರೆ ಅವನು ತಿಂಗಳುಗಟ್ಟಲೆ ಆಡಿ ಗಳಿಸಿದ್ದ ಆಟದ ದಾಖಲೆಗಳೆಲ್ಲ ಮೆಮೊರಿ ಸ್ಟಿಕ್‌ನಲ್ಲಿದ್ದವು. ಅದನ್ನು ತೆಗೆದು ಗೆಳೆಯನ ಪಿಎಸ್‌ಪಿಗೆ ಸಿಕ್ಕಿಸಿದಾಗ, ನಿಲ್ಲಿಸಿದ್ದ ಹಂತದಿಂದಲೇ ಆಟ ಮುಂದುವರಿಯಿತು.