ಒಲಿಂಪಿಕ್ಸ್ ಇಲ್ಲದ ಕಾಲದ ಚಾಂಪಿಯನ್

1965ನೇ ಸಾಲಿನ ಅರ್ಜುನ ಪ್ರಶಸ್ತಿ ಪಟ್ಟಿಯಲ್ಲಿ ಹಾಕಿ ಆಟಕ್ಕೆ ಎರಡು ಹೆಸರುಗಳಿವೆ. ಒಂದು ಉಧಮ್ ಸಿಂಗ್, ಇನ್ನೊಂದು ಬೆಂಗಳೂರಿನ ಎಲ್ವೆರಾ ಬ್ರಿಟ್ಟೊ. ಉಧಮ್ ಸಿಂಗ್ ಅವರ ಹಿರಿಮೆಯನ್ನು ಒಂದೇ ಸಾಲಿನಲ್ಲಿ ಹೇಳಬಹುದು: ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ. ಎಲ್ವೆರಾ ಅವರ ಹೆಸರಿನ ಮುಂದೆ ಒಲಿಂಪಿಕ್ಸ್ ಪದಕವಿಲ್ಲ. ಅವರು ಸೋತದ್ದರಿಂದಲ್ಲ, ಅವರು ಆಡುತ್ತಿದ್ದ ಕಾಲದ ಒಲಿಂಪಿಕ್ಸ್‌ನಲ್ಲಿ ಮಹಿಳಾ ಹಾಕಿಯೇ ಇರಲಿಲ್ಲ.

ಎಲ್ವೆರಾ ಹುಟ್ಟಿದ್ದು 1940ರಲ್ಲಿ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರ ಆಟವಾಗಿದ್ದ ಹಾಕಿ ಅಷ್ಟರಲ್ಲಾಗಲೇ ಸುತ್ತಲಿನ ಶಾಲೆ, ಕ್ಲಬ್ಬುಗಳಿಗೂ ಹಬ್ಬಿತ್ತು. ಹೆಣ್ಣುಮಕ್ಕಳೂ ಹಾಕಿ ಕೋಲು ಹಿಡಿದಿದ್ದರು. ಬ್ರಿಟ್ಟೊ ಮನೆಯಿಂದ ಮೈದಾನಕ್ಕಿಳಿದವರು ಒಬ್ಬರಲ್ಲ, ಮೂವರು. ಎಲ್ವೆರಾ, ರೀಟಾ, ಮೇ, ಈ ಮೂವರು ಸೋದರಿಯರೂ ರಾಜ್ಯದ ಪರ ಆಡಿದರು. ರಾಜ್ಯಕ್ಕೆ ಆಗಿನ್ನೂ ಕರ್ನಾಟಕವೆಂಬ ಹೆಸರು ಬಂದಿರಲಿಲ್ಲ. ಅವರದು ಮೈಸೂರು ತಂಡ.

1960ರಿಂದ 1967ರವರೆಗಿನ ಅವಧಿಯಲ್ಲಿ ಎಲ್ವೆರಾ ನಾಯಕತ್ವದ ಈ ತಂಡ ಏಳು ಬಾರಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಒಮ್ಮೆ ಗೆಲ್ಲುವುದಕ್ಕೆ ಅದೃಷ್ಟವೂ ಕೈಹಿಡಿಯಬಹುದು. ಆದರೆ ವರ್ಷವರ್ಷವೂ ಎದುರಾಳಿಗಳು ಸೋಲಿಸಲೆಂದೇ ಸಿದ್ಧವಾಗಿ ಬರುವಾಗ ಪಟ್ಟವನ್ನು ಉಳಿಸಿಕೊಳ್ಳುವುದು ಬೇರೆಯೇ ಮಾತು. ಭಾರತದ ಪರವಾಗಿ ಅವರು ಆಸ್ಟ್ರೇಲಿಯಾ, ಜಪಾನ್, ಶ್ರೀಲಂಕಾ ತಂಡಗಳ ವಿರುದ್ಧ ಆಡಿದರು. 1961ರಲ್ಲಿ ಆನ್ ಲಮ್ಸ್‌ಡೆನ್ ಅರ್ಜುನ ಪ್ರಶಸ್ತಿ ಪಡೆದಿದ್ದರು. ಹಾಕಿಯಲ್ಲಿ ಆ ಗೌರವ ಪಡೆದ ಎರಡನೆಯ ಮಹಿಳೆ ಎಲ್ವೆರಾ.

ಇಷ್ಟಿದ್ದೂ ದೊಡ್ಡ ಅಂಗಳ ಅವರಿಗೇಕೆ ಸಿಗಲಿಲ್ಲ? ಪುರುಷರ ಹಾಕಿ ಒಲಿಂಪಿಕ್ಸ್‌ಗೆ ಬಂದದ್ದು 1908ರಲ್ಲಿ. ಮಹಿಳೆಯರ ಹಾಕಿ ಬಂದದ್ದು 1980ರಲ್ಲಿ. ನಡುವಿನ ಅಂತರ 72 ವರ್ಷ. ಇದಕ್ಕೆ ಪುರುಷರ ಅಸಡ್ಡೆಯೊಂದೇ ಕಾರಣವಲ್ಲ. ಮಹಿಳೆಯರು 1927ರಲ್ಲಿ ತಮ್ಮದೇ ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿಕೊಂಡಿದ್ದರು. ಆಟವಿರುವುದು ಸ್ನೇಹಕ್ಕಾಗಿ, ಕಪ್‌ಗಾಗಿ ಅಲ್ಲ ಎಂಬುದು ಅದರ ನಿಲುವು. ನಾನಾ ದೇಶಗಳ ತಂಡಗಳು ಒಂದೆಡೆ ಸೇರಿ ಆಡುತ್ತಿದ್ದವು. ಚಾಂಪಿಯನ್ ಯಾರೆಂದು ಸಾರುತ್ತಿರಲಿಲ್ಲ. ಧ್ಯೇಯ ಉದಾತ್ತವೇ. ಆದರೆ ಅದರ ಬೆಲೆ ತೆತ್ತವರು ಎಲ್ವೆರಾ ಅವರಂಥ ಆಟಗಾರ್ತಿಯರು. ಯಾರು ಗೆದ್ದರೆಂದು ಬರೆದಿಡದ ಆಟವನ್ನು ಜನ ಬೇಗ ಮರೆಯುತ್ತಾರೆ.

ಬಾಗಿಲು ತೆರೆದದ್ದು ಅವರ ಕಾಲ ಮುಗಿದ ಮೇಲೆ. 1974ರಲ್ಲಿ ಫ್ರಾನ್ಸಿನಲ್ಲಿ ಮೊದಲ ಮಹಿಳಾ ವಿಶ್ವಕಪ್ ನಡೆಯಿತು. ಭಾರತಕ್ಕೆ ನಾಲ್ಕನೆಯ ಸ್ಥಾನ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲೂ ನಾಲ್ಕನೆಯ ಸ್ಥಾನವೇ. ಬಹಿಷ್ಕಾರದಿಂದಾಗಿ ಪ್ರಬಲ ತಂಡಗಳು ದೂರ ಉಳಿದಿದ್ದ ಆ ಕೂಟದಲ್ಲಿ, ಕೊನೆಗಳಿಗೆಯಲ್ಲಿ ಕರೆಬಂದು ಹೊರಟ ಜಿಂಬಾಬ್ವೆ ಚಿನ್ನ ಗೆದ್ದಿತು. 1982ರಲ್ಲಿ ದೆಹಲಿ ಏಷ್ಯನ್ ಕ್ರೀಡಾಕೂಟಕ್ಕೆ ಮಹಿಳಾ ಹಾಕಿ ಮೊದಲ ಬಾರಿಗೆ ಸೇರಿತು. ಭಾರತ ಚಿನ್ನ ಪಡೆಯಿತು. ಈ ಪಟ್ಟಿಯನ್ನು ಓದುವಾಗ ಒಂದು ಪ್ರಶ್ನೆ ಏಳದಿರದು: ಇದೆಲ್ಲ ಹದಿನೈದು ವರ್ಷ ಮೊದಲೇ ಬಂದಿದ್ದರೆ?

ಉತ್ತರ ಹೇಳಬಲ್ಲವರಿಲ್ಲ. ಎಲ್ವೆರಾ ಮಾತ್ರ ಆಟ ನಿಲ್ಲಿಸಿದ ಮೇಲೂ ಹಾಕಿಯನ್ನು ಬಿಡಲಿಲ್ಲ. ರಾಷ್ಟ್ರೀಯ ತಂಡದ ಆಯ್ಕೆಗಾರ್ತಿಯಾಗಿ, ವ್ಯವಸ್ಥಾಪಕಿಯಾಗಿ ದುಡಿದರು. ರಾಜ್ಯದ ಮಹಿಳಾ ಹಾಕಿಯ ಆಡಳಿತದಲ್ಲೂ ಇದ್ದರು. ತಮಗೆ ಸಿಗದ ಅಂಗಳಕ್ಕೆ ಬೇರೆಯವರನ್ನು ಅಣಿಗೊಳಿಸುವ ಕೆಲಸವದು. 2022ರ ಏಪ್ರಿಲ್‌ನಲ್ಲಿ, 81ನೆಯ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು.

ಅದಕ್ಕೆ ಎಂಟು ತಿಂಗಳ ಹಿಂದಷ್ಟೇ, 2021ರ ಆಗಸ್ಟ್‌ನಲ್ಲಿ, ಟೋಕಿಯೊ ಒಲಿಂಪಿಕ್ಸ್‌ನ ಕಂಚಿನ ಪದಕದ ಪಂದ್ಯದಲ್ಲಿ ಭಾರತದ ಮಹಿಳೆಯರು ಬ್ರಿಟನ್‌ಗೆ 3-4ರಿಂದ ಸೋತಿದ್ದರು. ಮತ್ತೆ ನಾಲ್ಕನೆಯ ಸ್ಥಾನ. ಆದರೆ ಈ ಸಲ ದೇಶವೇ ಟಿ.ವಿ. ಮುಂದೆ ಕುಳಿತು ಆ ಸೋಲಿಗೆ ಕಣ್ಣೀರಿಟ್ಟಿತು. ಏಳು ಬಾರಿ ಗೆದ್ದರೂ ಎಲ್ವೆರಾ ಪೀಳಿಗೆಗೆ ದೊರೆಯದೆ ಹೋದದ್ದು ಇದೇ: ಸೋತರೂ ನೋಡುವ ಕಣ್ಣುಗಳು.